ಬುಡದಲ್ಲಿ ಚೀಲವಿರುವ ಬಿಳಿ ಅಣಬೆಯನ್ನು ತಿನ್ನಬಹುದೇ?

ಕಾಸರಗೋಡು ಜಿಲ್ಲೆಯ ಮುಳ್ಳೇರಿಯದ ಆಚೆ, ಕಾಡಂಚಿನ ಅಡಿಕೆ ತೋಟದ ಮೇಲ್ಬದಿಯಲ್ಲಿ ಎದ್ದಿರುವ ಬಿಳಿ ಅಣಬೆಗಳ ಕಾಂಡದಲ್ಲಿ ಉಂಗುರವೂ ಬುಡದಲ್ಲಿ ಚೀಲದಂತಹ ಹೊದಿಕೆಯೂ ಇವೆ, ಮನೆಯ ಹಿರಿಯರು ಇದು ಹುತ್ತದ ಅಣಬೆಯೇ ಎನ್ನುತ್ತಾರೆ, ಬೆಳ್ಳಿಯ ಚಮಚ ಹಾಕಿ ಬೇಯಿಸಿದರೆ ವಿಷ ತಿಳಿಯುತ್ತದೆಯೇ ಎಂದು ಕೇಳಿದ್ದೀರಿ. ತಿಳಿಯುವುದಿಲ್ಲ. ನೀವು ವರ್ಣಿಸಿದ ಅಣಬೆಯನ್ನು ದಯವಿಟ್ಟು ಅಡುಗೆಮನೆಗೆ ತರಬೇಡಿ.

ನಾನೂ ಇದೇ ಜಿಲ್ಲೆಯವನು. ಮಳೆಗಾಲದ ಅಣಬೆಯ ಆಸೆ ಎಂಥದೆಂದು ಬಲ್ಲೆ. ಹುತ್ತದ ಅಣಬೆ ಗೆದ್ದಲು ತನ್ನ ಗೂಡಿನಲ್ಲಿ ಸಾಕುವ ಶಿಲೀಂಧ್ರದಿಂದಲೇ ಏಳುವಂಥದ್ದು. ಆದ್ದರಿಂದ ಅದರ ಕಾಂಡವು ಮಣ್ಣಿನೊಳಗೆ ಬೇರಿನಂತೆ ಸಪುರವಾಗುತ್ತಾ ಗೂಡಿನವರೆಗೂ ಇಳಿದಿರುತ್ತದೆ, ಕೊಡೆಯ ನಡುವೆ ಗಟ್ಟಿಯಾದ ಮೊನೆ ಇರುತ್ತದೆ, ಬುಡದಲ್ಲಿ ಚೀಲ ಇರುವುದಿಲ್ಲ. ಉಂಗುರ, ಚೀಲ, ಕೊಡೆಯ ಅಡಿಯ ಬಿಳಿ ಪದರು ಮೂರೂ ಒಟ್ಟಿಗೆ ಕಂಡರೆ ಮೊದಲು ಸಂಶಯಿಸಬೇಕಾದದ್ದು ಅಮಾನಿಟಾ ಎಂಬ ಕುಲವನ್ನು. ಈ ಕುಲದ ಹೆಚ್ಚಿನ ಅಣಬೆಗಳು ಮರದ ಬೇರಿನೊಂದಿಗೆ ಕೂಡಿಕೊಂಡು ಬೆಳೆಯುತ್ತವೆ. ಪಶ್ಚಿಮ ಘಟ್ಟದ ಕಾಡಿನಲ್ಲಿ ಧೂಪ, ಕಿರಾಲುಬೋಗಿ ಮೊದಲಾದ ಮರಗಳ ಅಡಿಯಲ್ಲಿ ಇವು ಕಾಣಸಿಗುತ್ತವೆ. ಅಮಾನಿಟಾಗಳೆಲ್ಲವೂ ವಿಷವಲ್ಲ, ಆದರೆ ಜಗತ್ತಿನಲ್ಲಿ ಅಣಬೆ ತಿಂದು ಸತ್ತವರಲ್ಲಿ ಹೆಚ್ಚಿನವರನ್ನು ಕೊಂದದ್ದು ಇದೇ ಕುಲ. ನಿಮ್ಮಲ್ಲಿರುವುದು ಯಾವ ಜಾತಿಯೆಂಬುದನ್ನು ಸೂಕ್ಷ್ಮದರ್ಶಕವಿಲ್ಲದೆ ಯಾರೂ ಖಚಿತವಾಗಿ ಹೇಳಲಾರರು. ಚಿತ್ರ ನೋಡಿ ಹೇಳುತ್ತೇನೆನ್ನುವವರನ್ನು ನಾನಂತೂ ನಂಬುವುದಿಲ್ಲ.

ನಮ್ಮಲ್ಲಿ ಅಣಬೆಯನ್ನು ಕತ್ತಿಯಿಂದ ನೆಲಮಟ್ಟಕ್ಕೆ ಕೊಯ್ಯುವುದು ಅಥವಾ ಎಳೆದು ಕೀಳುವುದು ರೂಢಿ. ತೊಂದರೆ ಇರುವುದು ಅಲ್ಲಿಯೇ, ಏಕೆಂದರೆ ಹೀಗೆ ಮಾಡಿದಾಗ ಗುರುತು ಹೇಳಬೇಕಾದ ಚೀಲವೂ ಬೇರಿನಂತಹ ಬಾಲವೂ ಮಣ್ಣಿನಲ್ಲಿಯೇ ಉಳಿದುಹೋಗುತ್ತವೆ ಮತ್ತು ಬುಟ್ಟಿಯಲ್ಲಿ ಎರಡೂ ಒಂದೇ ತರಹದ ಬಿಳಿ ಕೊಡೆಗಳಾಗಿ ಕಾಣುತ್ತವೆ. ಸಂಶಯವಿರುವ ಒಂದನ್ನಾದರೂ ಸುತ್ತಲಿನ ಮಣ್ಣು ಸಡಿಲಿಸಿ ಬುಡಸಮೇತ ಎತ್ತಿ ನೋಡಬೇಕು. ಆಮೇಲೆ ಬಲಿತ ಕೊಡೆಯೊಂದನ್ನು ಕಾಂಡದಿಂದ ಬೇರ್ಪಡಿಸಿ, ಅರ್ಧ ಬಿಳಿ ಅರ್ಧ ಕಪ್ಪು ಇರುವ ಕಾಗದದ ಮೇಲೆ ಪದರು ಕೆಳಗಾಗುವಂತೆ ಇಟ್ಟು, ಬಟ್ಟಲು ಮುಚ್ಚಿ ರಾತ್ರಿಯಿಡೀ ಬಿಟ್ಟರೆ ಬೀಜಕಣಗಳ ಅಚ್ಚು ಮೂಡುತ್ತದೆ. ಹುತ್ತದ ಅಣಬೆಯದು ನಸುಗುಲಾಬಿ, ಅಮಾನಿಟಾದ್ದು ಬಿಳಿ. ಹುಲ್ಲಿನ ಮೇಲೆ ಬೆಳೆಸುವ ಭತ್ತದ ಹುಲ್ಲಿನ ಅಣಬೆಗೂ ಬುಡದಲ್ಲಿ ಚೀಲವಿದೆ, ಆದರೆ ಅದಕ್ಕೆ ಉಂಗುರವಿಲ್ಲ, ಅಚ್ಚು ಗುಲಾಬಿ. ಅಚ್ಚು ಹಸಿರಾಗಿ ಬಂದರೆ ಅದು ಹುಲ್ಲುಗಾವಲಿನಲ್ಲಿಯೂ ತೆಂಗಿನ ತೋಟದಲ್ಲಿಯೂ ಏಳುವ ಕ್ಲೋರೋಫಿಲಮ್ ಎಂಬ ಅಣಬೆ. ಸಾಮಾನ್ಯವಾಗಿ ಕೊಲ್ಲುವುದಿಲ್ಲ, ಆದರೆ ಕೆಲವೇ ಗಂಟೆಗಳಲ್ಲಿ ವಿಪರೀತ ವಾಂತಿಭೇದಿ ಮಾಡಿಸುತ್ತದೆ. ಈ ಪರೀಕ್ಷೆಗಳೆಲ್ಲ ಒಂದು ಅಣಬೆಯನ್ನು ಬೇಡವೆಂದು ತಳ್ಳಿಹಾಕಲು ಉಪಯೋಗಕ್ಕೆ ಬರುತ್ತವೆಯೇ ಹೊರತು, ತಿನ್ನಿ ಎಂದು ಒಪ್ಪಿಗೆ ಕೊಡಲು ಸಾಲವು.

ಬೆಳ್ಳಿ ಕಪ್ಪಾಗುವುದು ಗಂಧಕದ ಸಂಯುಕ್ತಗಳಿಂದ. ಬೇಯಿಸಿದ ಮೊಟ್ಟೆಯೂ ಅದನ್ನು ಕಪ್ಪು ಮಾಡುತ್ತದೆ, ಮಾರಕ ಅಮಾನಿಟಾ ಮಾಡದೆಯೂ ಇರಬಹುದು. ಬೆಳ್ಳುಳ್ಳಿ, ಅಕ್ಕಿ ಹಾಕಿ ನೋಡುವ ಪರೀಕ್ಷೆಗಳೂ ಹಾಗೆಯೇ. ಹುಳ ತಿಂದಿದೆಯಲ್ಲ ಎಂಬ ಧೈರ್ಯವೂ ಬೇಡ, ಅಣಬೆಯಲ್ಲಿಯೇ ಮರಿಮಾಡುವ ಕೆಲವು ನೊಣಗಳು ಆ ವಿಷವನ್ನು ಸಹಿಸಿಕೊಳ್ಳುತ್ತವೆ. ಕುದಿಸಿದರೂ ಒಣಗಿಸಿದರೂ ಅಮಾಟಾಕ್ಸಿನ್ ಎಂಬ ಆ ವಿಷ ಹೋಗುವುದಿಲ್ಲ, ರುಚಿಯಿಂದಲೂ ಅದು ಗೊತ್ತಾಗುವುದಿಲ್ಲ.

ಅದು ಜೀವಕೋಶಗಳು ಪ್ರೋಟೀನ್ ತಯಾರಿಸಲು ಬೇಕಾದ ಆರ್‌ಎನ್‌ಎ ರಚನೆಯನ್ನು ನಿಲ್ಲಿಸುತ್ತದೆ, ಹೆಚ್ಚಿನ ಪೆಟ್ಟು ಬೀಳುವುದು ಯಕೃತ್ತಿಗೆ. ತಿಂದ 6ರಿಂದ 24 ಗಂಟೆಗಳವರೆಗೆ ಏನೂ ಆಗದಿರಬಹುದು. ಆಮೇಲೆ ವಾಂತಿ ಮತ್ತು ನೀರಿನಂತಹ ಭೇದಿ, ಅನಂತರ ಒಂದೆರಡು ದಿನ ಗುಣವಾದಂತೆ ಕಾಣುವ ಸ್ಥಿತಿ. ಮನೆಯವರು ನಿಶ್ಚಿಂತರಾಗುವುದು ಆಗಲೇ, ಯಕೃತ್ತು ಕೆಡುತ್ತಿರುವುದೂ ಆಗಲೇ. ಕೊನೆಗೆ ಯಕೃತ್ತಿನ ಕಸಿಯೊಂದೇ ದಾರಿಯಾಗುವುದುಂಟು.

ಆದ್ದರಿಂದ ಮನೆಯಲ್ಲಿ ಯಾರಾದರೂ ಈಗಾಗಲೇ ತಿಂದಿದ್ದರೆ, ವಾಂತಿಗಾಗಿ ಕಾಯದೆ ಇವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ. ಹತ್ತಿರದಲ್ಲಿ ತೀವ್ರ ನಿಗಾ ಘಟಕವಿಲ್ಲದಿದ್ದರೆ ಮೊದಲ ಚಿಕಿತ್ಸೆ ಕೊಡಿಸಿ ಮಂಗಳೂರಿಗೆ ಹೊರಡುವುದು ಲೇಸು. ಜೊತೆಗೆ ಊಟ ಮಾಡಿದವರೆಲ್ಲರೂ, ಆರೋಗ್ಯವಾಗಿರುವಂತೆ ಕಂಡರೂ, ಹೋಗಬೇಕು. ಎಷ್ಟು ಗಂಟೆಗೆ ತಿಂದದ್ದು, ಎಷ್ಟು ಹೊತ್ತಿಗೆ ವಾಂತಿ ಶುರುವಾಯಿತು ಎಂಬುದನ್ನು ವೈದ್ಯರಿಗೆ ಹೇಳಿ. ಉಳಿದ ಅಣಬೆಯನ್ನು ಬುಡಸಮೇತ ಕಾಗದದಲ್ಲಿ ಸುತ್ತಿ ಒಯ್ಯಿರಿ. ಪ್ಲಾಸ್ಟಿಕ್ ಚೀಲದಲ್ಲಿ ಹಾಕಿದರೆ ತಲುಪುವ ಹೊತ್ತಿಗೆ ಕೊಳೆತು ಗುರುತು ಸಿಗದಂತಾಗುತ್ತದೆ.