ಇನ್ಸ್‌ಪೆಕ್ಟರ್ ಯಾರ ಕಡೆಯವರು?

ಮನೆ ಕೊಳ್ಳುವ ಮುಂಚೆ ಅದನ್ನು ಪರೀಕ್ಷಿಸಿ ರಿಪೋರ್ಟ್ ಕೊಡುವ ಹೋಮ್ ಇನ್ಸ್‌ಪೆಕ್ಟರ್‌ಗಳ ಬಗ್ಗೆ ಅಮೆರಿಕ ಮತ್ತು ಕೆನಡಾದ ಓದುಗರು ತುಂಬಾ ಪ್ರಶ್ನೆ ಕಳಿಸಿದ್ದಾರೆ. ಕೊಳ್ಳುವವರು ಬರೆದಿದ್ದಾರೆ, ಈ ಕೆಲಸಕ್ಕೆ ಸೇರಬೇಕು ಅನ್ನುವವರು ಬರೆದಿದ್ದಾರೆ, ಆಗಲೇ ಸೇರಿ ಬೇಸತ್ತಿರುವವರೂ ಬರೆದಿದ್ದಾರೆ. ಈ ಸಲ ಅವಕ್ಕಷ್ಟೇ ಉತ್ತರ.

ಪ್ರಶ್ನೆ: ಮನೆ ಒಪ್ಪಿಗೆಯಾಗಿದೆ. ನಮ್ಮ ಏಜೆಂಟ್ ಒಬ್ಬರ ನಂಬರ್ ಕೊಟ್ಟು, "ಇವರನ್ನೇ ಕರೆಯಿರಿ, ಬೇಗ ಮುಗಿಸಿಕೊಡ್ತಾರೆ" ಅಂದರು. ಕರೆಯಬಹುದಾ ಸರ್?

ಕರೆಯಲೇಬಾರದು ಅಂತೇನಿಲ್ಲ. ಆದರೆ "ಬೇಗ ಮುಗಿಸ್ತಾರೆ" ಅನ್ನುವುದು ಇನ್ಸ್‌ಪೆಕ್ಟರ್ ಬಗ್ಗೆ ಒಳ್ಳೆಯ ಮಾತಲ್ಲ. ಸಾಧಾರಣ ಅಳತೆಯ ಮನೆಗೂ ಎರಡು ಮೂರು ಗಂಟೆ ಬೇಕು, ಹಳೆಯ ಮನೆಯಾದರೆ ಇನ್ನೂ ಜಾಸ್ತಿ.

ಇಲ್ಲಿ ದುಡ್ಡು ಹೇಗೆ ಓಡಾಡುತ್ತದೆ ನೋಡಿ. ಇನ್ಸ್‌ಪೆಕ್ಟರ್‌ಗೆ ಫೀಸು ಕೊಡುವವರು ನೀವು. ಆದರೆ ನೀವು ಅವರಿಗೆ ಕೆಲಸ ಕೊಡುವುದು ಬಹುಶಃ ಜೀವಮಾನದಲ್ಲಿ ಒಂದೋ ಎರಡೋ ಸಲ. ಏಜೆಂಟ್ ಮಾತ್ರ ವರ್ಷವಿಡೀ ಗಿರಾಕಿಗಳನ್ನು ಕಳಿಸುತ್ತಿರುತ್ತಾರೆ. ಮಾರಾಟ ಆದರಷ್ಟೇ ಏಜೆಂಟ್‌ಗೆ ಕಮಿಷನ್. ಹಾಗಾದರೆ ಇನ್ಸ್‌ಪೆಕ್ಟರ್ ಮನಸ್ಸಿನಲ್ಲಿ ಯಾರನ್ನು ಬೇಸರಪಡಿಸಬಾರದು ಅನ್ನುವ ಲೆಕ್ಕ ಇರುತ್ತದೆ ಹೇಳಿ? ಎಲ್ಲರೂ ಹಾಗೆ ಅಂತ ನಾನು ಹೇಳುತ್ತಿಲ್ಲ, ಎಷ್ಟೋ ಏಜೆಂಟರು ತಮ್ಮ ಗಿರಾಕಿಗೆ ಮುಂದೆ ತೊಂದರೆಯಾಗಬಾರದು ಅಂತ ತುಂಬಾ ಕಟ್ಟುನಿಟ್ಟಿನವರನ್ನೇ ಹುಡುಕಿ ಕಳಿಸುತ್ತಾರೆ. ಆದರೂ ಈ ಸೆಳೆತ ಇದ್ದೇ ಇರುತ್ತದೆ. ಮ್ಯಾಸಚೂಸೆಟ್ಸ್‌ ಕಾನೂನು ಇದನ್ನು ಸರಿಯಾಗಿ ಗುರುತಿಸಿದೆ: ಮಾರುವವರ ಪರ ಇರುವ ಏಜೆಂಟ್ ಇಂಥವರನ್ನೇ ಕರೆಯಿರಿ ಅಂತ ಒಬ್ಬರ ಹೆಸರು ಹೇಳುವಂತಿಲ್ಲ, ಕೇಳಿದರೆ ಲೈಸೆನ್ಸ್ ಇರುವವರ ಪೂರ್ತಿ ಪಟ್ಟಿ ಕೊಡಬಹುದು. ಕೊಳ್ಳುವವರ ಜೊತೆ ಬರವಣಿಗೆಯಲ್ಲಿ ಒಪ್ಪಂದ ಮಾಡಿಕೊಂಡ ಏಜೆಂಟ್‌ಗೆ ಮಾತ್ರ ವಿನಾಯಿತಿ. ಇಂಥ ನಿಯಮ ಎಲ್ಲ ಕಡೆ ಬರಬೇಕು ಅನ್ನುವವನು ನಾನು.

ಅಲ್ಲಿಯವರೆಗೆ ನೀವೇ ಮೂರು ಹೆಸರು ಹುಡುಕಿ. ಪ್ರತಿಯೊಬ್ಬರ ಹತ್ತಿರ ಹಳೆಯ ರಿಪೋರ್ಟ್ ಒಂದನ್ನು, ವಿಳಾಸ ಅಳಿಸಿ, ಕಳಿಸಲು ಹೇಳಿ. ಅದನ್ನು ಓದಿದರೆ ಆ ಮನುಷ್ಯ ಹೇಗೆ ಕೆಲಸ ಮಾಡುತ್ತಾರೆ ಅಂತ ತಿಳಿಯುತ್ತದೆ. ತಪಾಸಣೆಯ ದಿನ ರಜೆ ಹಾಕಿ ಅವರ ಹಿಂದೆಯೇ ಓಡಾಡಿ. ಜೊತೆಗೆ ಬರಬೇಡಿ ಅನ್ನುವ ಇನ್ಸ್‌ಪೆಕ್ಟರ್ ಬೇಡವೇ ಬೇಡ.

ಪ್ರಶ್ನೆ: ಹತ್ತು ವರ್ಷದಿಂದ ಕಟ್ಟಡದ ಕೆಲಸದಲ್ಲಿದ್ದೇನೆ. ಇನ್ಸ್‌ಪೆಕ್ಟರ್ ಆದರೆ ಆರಾಮ, ಟೈಮು ನಮ್ಮ ಕೈಲಿರುತ್ತೆ ಅಂತಾರೆ. ನಿಜವಾ?

ಆರಾಮ ಅನ್ನುವುದನ್ನು ಮೊದಲು ತಲೆಯಿಂದ ತೆಗೆಯಿರಿ. ಮನೆಯ ಒಳಗೆ ಎಲ್ಲರ ಕಣ್ಣಿಗೆ ಬೀಳುವಂಥದ್ದು ಈ ಕೆಲಸದ ಸಣ್ಣ ಭಾಗ. ಬೇಸಿಗೆಯಲ್ಲಿ ಅಟ್ಟ ಹತ್ತಿದರೆ ಉಸಿರಾಡಲು ಆಗದಷ್ಟು ಸೆಕೆ, ಇನ್ಸುಲೇಷನ್ನಿನ ಚೂರು ಮೈಗೆಲ್ಲ ಮೆತ್ತಿ ರಾತ್ರಿಯವರೆಗೂ ತುರಿಕೆ. ನೆಲದಡಿ ಇರುವ ಸಂದಿನಲ್ಲಿ ಹೊಟ್ಟೆಯ ಮೇಲೆ ತೆವಳಬೇಕು, ಅಲ್ಲಿ ಇಲಿ ಹೆಗ್ಗಣ ಇರುತ್ತವೆ, ಕೆಸರು ಇರುತ್ತದೆ, ಕೆಲವೊಮ್ಮೆ ಒಡೆದ ಕೊಳಚೆ ಪೈಪೂ ಇರುತ್ತದೆ. ಏಣಿಯಿಂದ ಬೀಳುವುದು ಈ ಕೆಲಸದ ದೊಡ್ಡ ಅಪಾಯ. ಕರೆಂಟಿನ ಪ್ಯಾನೆಲ್ ಮುಚ್ಚಳ ತೆಗೆಯುವಾಗಲೂ ಹುಷಾರು.

ಇಷ್ಟೆಲ್ಲ ಮುಗಿಸಿ ಮನೆಗೆ ಬಂದ ಮೇಲೆ ಕೆಲಸದ ಇನ್ನರ್ಧ ಶುರು. ನೂರಾರು ಫೋಟೋ ವಿಂಗಡಿಸಿ ರಿಪೋರ್ಟ್ ಬರೆಯಬೇಕು, ಅದೂ ಸಾಮಾನ್ಯವಾಗಿ 24 ಗಂಟೆಯೊಳಗೆ, ಯಾಕೆಂದರೆ ಕೊಳ್ಳುವವರಿಗೆ ತೀರ್ಮಾನ ಮಾಡಲು ಕೆಲವೇ ದಿನ ಇರುತ್ತದೆ. ದಿನಕ್ಕೆ ಎರಡು ಮನೆ ಒಪ್ಪಿಕೊಂಡರೆ ಹೆಂಡತಿ ಮಕ್ಕಳ ಮುಖ ನೋಡುವುದು ಕಷ್ಟ. ಬಡ್ಡಿ ದರ ಏರಿ ಮನೆ ಮಾರಾಟ ನಿಂತರೆ ಫೋನೂ ನಿಲ್ಲುತ್ತದೆ, ಆದರೆ ಇನ್ಶೂರೆನ್ಸ್ ಕಂತು ನಿಲ್ಲುವುದಿಲ್ಲ.

ಇಷ್ಟಿದ್ದರೂ ಮನೆಗಳ ಬಗ್ಗೆ ಕುತೂಹಲ ಇರುವವರಿಗೆ ಇದಕ್ಕಿಂತ ಒಳ್ಳೆಯ ಕೆಲಸ ಇಲ್ಲ ಅಂತ ನನಗೆ ಅನ್ನಿಸುತ್ತದೆ. 1965ರಿಂದ 1973ರ ನಡುವೆ ಕಟ್ಟಿದ ಅಥವಾ ದೊಡ್ಡದು ಮಾಡಿದ ಮನೆ ಅಂದ ಕೂಡಲೇ ಅಲ್ಯೂಮಿನಿಯಂ ವೈರ್ ಇದೆಯಾ ಅಂತ ಕೈ ಹುಡುಕತೊಡಗುತ್ತದೆ, ಯಾಕೆಂದರೆ ಅದರ ಜಾಯಿಂಟುಗಳು ಸಡಿಲವಾಗಿ, ಬಿಸಿಯೇರಿ ಬೆಂಕಿ ಹತ್ತಬಹುದು. 1978ರಿಂದ 1995ರವರೆಗಿನ ಮನೆಯಲ್ಲಿ ಬೂದು ಬಣ್ಣದ ಪ್ಲಾಸ್ಟಿಕ್ ನೀರಿನ ಪೈಪ್ ಕಂಡರೆ ಅದು ಪಾಲಿಬ್ಯೂಟಿಲೀನ್ ಇರಬಹುದು, ಹೊರಗೆ ಸರಿಯಾಗಿಯೇ ಕಂಡು ಒಳಗಿನಿಂದ ಬಿರುಕು ಬಿಡುವ ಪೈಪ್ ಅದು. ಇನ್ನು ನೀರು. ಮಳೆನೀರು ಮನೆಯಿಂದ ದೂರ ಹರಿಯುತ್ತದೋ ಅಥವಾ ಗೋಡೆಯ ಕಡೆಗೆ ಹರಿಯುತ್ತದೋ ಅನ್ನುವುದನ್ನು ಹೊರಗೆ ಒಂದು ಸುತ್ತು ಹಾಕಿ ನೋಡಿದರೆ ಒಳಗಿನ ಅರ್ಧ ಸಮಸ್ಯೆಯ ಸುಳಿವು ಸಿಗುತ್ತದೆ.

ಲೈಸೆನ್ಸಿನ ವಿಚಾರಕ್ಕೆ ಬಂದರೆ ರಾಜ್ಯಕ್ಕೊಂದು ರೀತಿ. ನ್ಯೂಯಾರ್ಕಿನಲ್ಲಿ 140 ಗಂಟೆ ತರಬೇತಿ, ಅದರಲ್ಲಿ 40 ಗಂಟೆ ಲೈಸೆನ್ಸ್ ಇರುವವರ ಕಣ್ಣೆದುರು ಮನೆಗಳಲ್ಲೇ ಕಲಿಯಬೇಕು. ನ್ಯೂಜೆರ್ಸಿಯಲ್ಲಿ 180 ಗಂಟೆ. ಹಲವು ರಾಜ್ಯಗಳು ಒಪ್ಪುವ ರಾಷ್ಟ್ರೀಯ ಪರೀಕ್ಷೆಯಲ್ಲಿ 200 ಪ್ರಶ್ನೆ, ನಾಲ್ಕು ಗಂಟೆ ಸಮಯ. ಕಟ್ಟಡ ಗೊತ್ತಿರುವ ನಿಮಗೆ ಪರೀಕ್ಷೆ ಕಷ್ಟ ಆಗಲಿಕ್ಕಿಲ್ಲ. ನನ್ನ ಪ್ರಕಾರ 40 ಗಂಟೆಯ ಫೀಲ್ಡ್ ಕೆಲಸ ಏನೇನೂ ಸಾಲದು. ಅನುಭವಿಗಳ ಜೊತೆ ಸಂಬಳ ಇಲ್ಲದಿದ್ದರೂ ಕೆಲವು ತಿಂಗಳು ಓಡಾಡಿ. ಕಟ್ಟುವ ಕಣ್ಣು ಬೇರೆ, ಇಪ್ಪತ್ತು ವರ್ಷ ಮಳೆ ಬಿಸಿಲು ತಿಂದ ಮನೆಯನ್ನು ಓದುವ ಕಣ್ಣು ಬೇರೆ.

ಪ್ರಶ್ನೆ: ನಾವಿರುವುದು ಕ್ಯಾಲಿಫೋರ್ನಿಯಾದಲ್ಲಿ. ಇಲ್ಲಿ ಇನ್ಸ್‌ಪೆಕ್ಟರ್‌ಗೆ ಲೈಸೆನ್ಸೇ ಬೇಕಿಲ್ಲ ಅಂತ ಕೇಳಿ ಗಾಬರಿಯಾಯಿತು. ಯಾರನ್ನು ನಂಬೋದು?

ನೀವು ಕೇಳಿದ್ದು ನಿಜ, ಅಲ್ಲಿ ಲೈಸೆನ್ಸ್ ಇಲ್ಲ. ಆದರೆ ಕಾನೂನೇ ಇಲ್ಲ ಅಂತಲ್ಲ. ತಾನು ತಪಾಸಣೆ ಮಾಡಿದ ಮನೆಯಲ್ಲಿ ಇನ್ಸ್‌ಪೆಕ್ಟರ್ 12 ತಿಂಗಳವರೆಗೆ ರಿಪೇರಿ ಕೆಲಸ ಮಾಡುವಂತಿಲ್ಲ. ತನಗೆ ಹಣಕಾಸಿನ ಹಿತ ಇರುವ ಮನೆಯನ್ನು ತಪಾಸಣೆ ಮಾಡುವಂತಿಲ್ಲ. ಈ ಎರಡು ಮಾತು ನನಗೆ ಲೈಸೆನ್ಸಿಗಿಂತ ದೊಡ್ಡದಾಗಿ ಕಾಣುತ್ತವೆ. ಪರೀಕ್ಷೆ ಪಾಸಾದವನಿಗೆ ವಿಷಯ ಗೊತ್ತು ಅಂತ ಲೈಸೆನ್ಸ್ ಹೇಳುತ್ತದೆ. ಗೊತ್ತಿದ್ದದ್ದನ್ನು ಬರೆಯುತ್ತಾನಾ ಅಂತ ಅದು ಹೇಳುವುದಿಲ್ಲ.

ಕೆನಡಾದಲ್ಲೂ ಇದೇ ಗೊಂದಲ. ಬ್ರಿಟಿಷ್ ಕೊಲಂಬಿಯಾ 2009ರಲ್ಲಿ ಲೈಸೆನ್ಸ್ ಕಡ್ಡಾಯ ಮಾಡಿತು, ಅಲ್ಲಿ ಅದೇ ಮೊದಲು. 2011ರಲ್ಲಿ ಆಲ್ಬರ್ಟಾ. ಒಂಟಾರಿಯೊ 2017ರಲ್ಲಿ ಇದಕ್ಕಾಗಿಯೇ ಕಾಯ್ದೆ ಪಾಸು ಮಾಡಿತು, ಆದರೆ ವರ್ಷಗಳು ಕಳೆದರೂ ಜಾರಿಗೆ ತರಲಿಲ್ಲ. ಪಾಸಾದ ಕಾಯ್ದೆಯನ್ನು ಹೀಗೆ ಮೂಲೆಗೆ ಹಾಕುವುದು ಕೊಳ್ಳುವವರಿಗೂ ಪ್ರಾಮಾಣಿಕವಾಗಿ ಕೆಲಸ ಮಾಡುವ ಇನ್ಸ್‌ಪೆಕ್ಟರ್‌ಗಳಿಗೂ ಮಾಡುವ ಅನ್ಯಾಯ.

ಲೈಸೆನ್ಸ್ ಇಲ್ಲದ ಕಡೆ ಯಾವ ಸಂಘದ ಸದಸ್ಯರು ಅಂತ ಕೇಳಿ. ಅಮೆರಿಕನ್ ಸೊಸೈಟಿ ಆಫ್ ಹೋಮ್ ಇನ್ಸ್‌ಪೆಕ್ಟರ್ಸ್ 1976ರಿಂದ ಇದೆ, ಏನೇನು ನೋಡಬೇಕು ಅನ್ನುವ ಮಾನದಂಡವನ್ನು ಅದು ಬರೆದಿಟ್ಟಿದೆ. ಬರೀ ಸದಸ್ಯರಾ ಅಥವಾ ಪರೀಕ್ಷೆ ಮುಗಿಸಿ ಪೂರ್ತಿ ಸರ್ಟಿಫಿಕೇಟ್ ಪಡೆದವರಾ ಅಂತಲೂ ಕೇಳಿ, ಎರಡಕ್ಕೂ ವ್ಯತ್ಯಾಸ ಇದೆ. ಕೆಲಸದಲ್ಲಿ ತಪ್ಪಾದರೆ ಪರಿಹಾರ ಕೊಡುವ ಇನ್ಶೂರೆನ್ಸ್ ಇದೆಯಾ ಅಂತ ಕೇಳಲು ಸಂಕೋಚ ಬೇಡ.

ಪ್ರಶ್ನೆ: ಮನೆಗೆ ಬಂದ ಮೂರನೇ ತಿಂಗಳಿಗೆ ಗೋಡೆಯೊಳಗೆ ನೀರು ಸೋರಿತು. ರಿಪೋರ್ಟಿನಲ್ಲಿ ಅದರ ಮಾತೇ ಇಲ್ಲ. ಇನ್ಸ್‌ಪೆಕ್ಟರ್ ಮೇಲೆ ಕೇಸು ಹಾಕಬಹುದಾ?

ಸೋರಿದ ಗುರುತು ತಪಾಸಣೆಯ ದಿನ ಹೊರಗೆ ಕಾಣುತ್ತಿತ್ತಾ? ಎಲ್ಲವೂ ಇದರ ಮೇಲೆ ನಿಂತಿದೆ. ಇನ್ಸ್‌ಪೆಕ್ಟರ್ ಗೋಡೆ ಒಡೆಯುವಂತಿಲ್ಲ, ಮಂಚ ಬೀರು ಸರಿಸುವಂತಿಲ್ಲ, ಕಣ್ಣಿಗೆ ಕಾಣುವುದನ್ನು ನೋಡಿ ಹೇಳುವುದಷ್ಟೇ ಅವರ ಕೆಲಸ. ಹೊಸದಾಗಿ ಬಣ್ಣ ಹೊಡೆದು ಮುಚ್ಚಿದ್ದರೆ ತಪ್ಪು ಮಾರಿದವರದ್ದಿರಬಹುದು. ಆದರೆ ಕಲೆ, ಊದಿದ ಮರ, ಮೆತ್ತಗಾದ ಗೋಡೆ ಕಾಣುತ್ತಿದ್ದೂ ಬರೆಯದೆ ಬಿಟ್ಟಿದ್ದರೆ ಅದು ಇನ್ಸ್‌ಪೆಕ್ಟರ್ ಹೊಣೆ. ರಿಪೇರಿ ಮಾಡಿಸುವ ಮುಂಚೆ ಫೋಟೋ ತೆಗೆದು ಅವರಿಗೆ ಬರವಣಿಗೆಯಲ್ಲಿ ತಿಳಿಸಿ, ಬಂದು ನೋಡಲು ಅವಕಾಶ ಕೊಡಿ. ಮುರಿದು ಸರಿ ಮಾಡಿದ ಮೇಲೆ ದೂರಿದರೆ ಸಾಕ್ಷಿಯೇ ಉಳಿಯುವುದಿಲ್ಲ.

"ಏನೇ ತಪ್ಪಾದರೂ ಇಷ್ಟಕ್ಕಿಂತ ಜಾಸ್ತಿ ಕೊಡುವುದಿಲ್ಲ" ಅಂತ ಒಪ್ಪಂದದಲ್ಲಿ ಬರೆದಿದ್ದರೆ ಅಲ್ಲಿಗೇ ಕೈ ಚೆಲ್ಲಬೇಡಿ. ನ್ಯೂಜೆರ್ಸಿಯ ಒಂದು ಕೇಸಿನಲ್ಲಿ ಫೀಸು 385 ಡಾಲರ್, ಅದರ ಅರ್ಧ, 192.50 ಡಾಲರ್ ಕೊಟ್ಟು ಕೈ ತೊಳೆದುಕೊಳ್ಳುವ ಷರತ್ತು ಹಾಕಿದ್ದರು. 2004ರಲ್ಲಿ ಮೇಲ್ಮನವಿ ಕೋರ್ಟು ಆ ಷರತ್ತು ನಡೆಯುವುದಿಲ್ಲ ಅಂದಿತು. ಎಲ್ಲ ರಾಜ್ಯದ ಕೋರ್ಟುಗಳೂ ಹೀಗೇ ಹೇಳುವುದಿಲ್ಲ, ಹಾಗಾಗಿ ನಿಮ್ಮ ಕಡೆಯ ವಕೀಲರಿಗೆ ಒಪ್ಪಂದ ತೋರಿಸಿ. ಕ್ಯಾಲಿಫೋರ್ನಿಯಾದಲ್ಲಿ ಕೇಸು ಹಾಕಲು ತಪಾಸಣೆಯ ದಿನದಿಂದ ನಾಲ್ಕು ವರ್ಷ ಮಿತಿ ಇದೆ. ಬೇರೆ ಕಡೆ ಇನ್ನೂ ಕಡಿಮೆ ಇರಬಹುದು, ತಡ ಮಾಡಬೇಡಿ.

ಪ್ರಶ್ನೆ: ಒಂದೇ ಮನೆಗೆ ಎಂಟು ಜನ ಪೈಪೋಟಿ. ತಪಾಸಣೆ ಬೇಡ ಅಂತ ಬರೆದುಕೊಟ್ಟರೆ ಮನೆ ನಮಗೇ ಅಂತೆ.

ಬರೆದುಕೊಡಬೇಡಿ. ಆಫರ್ ಹಾಕುವ ಮುಂಚೆಯೇ, ಮನೆ ನೋಡಲು ಹೋಗುವಾಗ ಇನ್ಸ್‌ಪೆಕ್ಟರನ್ನು ಕರೆದುಕೊಂಡು ಹೋಗಲು ಬಿಡುತ್ತಾರಾ ಕೇಳಿ. ಮ್ಯಾಸಚೂಸೆಟ್ಸ್‌ನಲ್ಲಿ 2025ರ ಅಕ್ಟೋಬರ್ 15ರಿಂದ, ತಪಾಸಣೆ ಬಿಟ್ಟುಕೊಟ್ಟರೆ ಮಾತ್ರ ಮನೆ ಅಂತ ಮಾರುವವರು ಷರತ್ತು ಹಾಕುವಂತಿಲ್ಲ.

ಪ್ರಶ್ನೆ: ನಾನೇ ಇನ್ಸ್‌ಪೆಕ್ಟರ್. ಕಂಡದ್ದೆಲ್ಲ ಬರೀತೀನಿ ಅಂತ "ವ್ಯಾಪಾರ ಕೆಡಿಸುವವನು" ಅನ್ನೋ ಹೆಸರು ಬಂದಿದೆ. ಏಜೆಂಟರ ಫೋನ್ ನಿಂತಿದೆ. ಸ್ವಲ್ಪ ಮೆತ್ತಗೆ ಬರೆಯೋದು ತಪ್ಪಾ?

ನಿಮ್ಮ ಪತ್ರ ಓದಿ ಸಂಕಟವಾಯಿತು, ಯಾಕೆಂದರೆ ಇಂಥ ಪತ್ರಗಳು ಒಳ್ಳೆಯ ಇನ್ಸ್‌ಪೆಕ್ಟರ್‌ಗಳಿಂದಲೇ ಬರುತ್ತವೆ. ಮೆತ್ತಗೆ ಮಾತಾಡಿ, ಮೆತ್ತಗೆ ಬರೆಯಬೇಡಿ. ಮೊದಲ ಸಲ ಮನೆ ಕೊಳ್ಳುವವರಿಗೆ ಮೂವತ್ತು ದೋಷದ ಪಟ್ಟಿ ಕೊಟ್ಟರೆ ಕಿತ್ತುಹೋದ ನಲ್ಲಿಯೂ ಬಿರುಕು ಬಿಟ್ಟ ಪಾಯವೂ ಒಂದೇ ಥರ ಕಾಣುತ್ತವೆ. ಜೀವಕ್ಕೆ ಅಪಾಯ ಇರುವುದು ಮೊದಲು, ದುಡ್ಡು ಜಾಸ್ತಿ ಕೇಳುವುದು ಆಮೇಲೆ, ಸಣ್ಣಪುಟ್ಟದ್ದು ಕೊನೆಗೆ. ಹೀಗೆ ವಿಂಗಡಿಸಿ ಬರೆದು, ಅವರನ್ನು ನಿಲ್ಲಿಸಿಕೊಂಡು ವಿವರಿಸಿ. ಎಷ್ಟೋ ಸಲ ಏಜೆಂಟರ ಸಿಟ್ಟು ದೋಷ ಹೇಳಿದ್ದಕ್ಕಲ್ಲ, ಎಲ್ಲವನ್ನೂ ಒಂದೇ ದನಿಯಲ್ಲಿ ಹೇಳಿ ಹೆದರಿಸಿದ್ದಕ್ಕೆ.

ಆದರೆ ಯಾರೋ ಬೇಸರ ಮಾಡಿಕೊಳ್ಳುತ್ತಾರೆ ಅಂತ ದೋಷವನ್ನು ಚಿಕ್ಕದು ಮಾಡಬೇಡಿ. ಬ್ರಿಟಿಷ್ ಕೊಲಂಬಿಯಾದಲ್ಲಿ ಒಬ್ಬ ಇನ್ಸ್‌ಪೆಕ್ಟರ್ ಕೊಳೆತ ಮರ ಸರಿ ಮಾಡಲು ಸುಮಾರು 20 ಸಾವಿರ ಡಾಲರ್ ಸಾಕು ಅಂದಿದ್ದರು. ಖರ್ಚು ಅದಕ್ಕಿಂತ ಎಷ್ಟೋ ಪಟ್ಟು ಬಂತು. 2009ರಲ್ಲಿ ಕೋರ್ಟು ಅವರಿಗೆ 1.92 ಲಕ್ಷ ಡಾಲರ್‌ಗೂ ಹೆಚ್ಚು ಪರಿಹಾರ ಕಟ್ಟಲು ಹೇಳಿತು. ಆವತ್ತು ಪಕ್ಕದಲ್ಲಿ ನಿಲ್ಲಲು ಯಾವ ಏಜೆಂಟೂ ಬರುವುದಿಲ್ಲ. ಖರ್ಚಿನ ಅಂದಾಜು ಕೇಳಿದರೆ ಆ ಕೆಲಸದ ಕಂಟ್ರ್ಯಾಕ್ಟರ್‌ಗೆ ತೋರಿಸಿ ಅನ್ನಿ, ಅಷ್ಟೇ.

ಕೆಲಸ ಎಲ್ಲಿಂದ ಬರಬೇಕು ಅನ್ನುವ ನಿಮ್ಮ ಚಿಂತೆ ಸುಮ್ನೆ ತಳ್ಳಿಹಾಕುವಂಥದ್ದಲ್ಲ. ಹಳೆಯ ಗಿರಾಕಿಗಳಿಗೆ ವರ್ಷಕ್ಕೊಮ್ಮೆ ಫೋನ್ ಮಾಡಿ, ಮನೆ ಹೇಗಿದೆ ಕೇಳಿ. ಹೊಸದಾಗಿ ಕಟ್ಟಿದ ಮನೆಯ ಒಂದು ವರ್ಷದ ಬಿಲ್ಡರ್ ವಾರಂಟಿ ಮುಗಿಯುವ ಮುಂಚೆ ಮಾಡುವ ತಪಾಸಣೆಯನ್ನೂ ಶುರು ಮಾಡಿ. ಅಲ್ಲಿ ಏಜೆಂಟರೇ ಇರುವುದಿಲ್ಲ, ಮನೆಯವರೇ ನೇರವಾಗಿ ಕರೆಯುತ್ತಾರೆ, ದೋಷ ಜಾಸ್ತಿ ಹುಡುಕಿದಷ್ಟೂ ಅವರಿಗೆ ಖುಷಿ, ಯಾಕೆಂದರೆ ಸರಿ ಮಾಡಿಕೊಡಬೇಕಾದವರು ಬಿಲ್ಡರ್.