‘ಹುಟ್ಟಿದಾಗ ಪಾಸ್ ಆಗಿದೆ’ ಎಂಬ ಚೀಟಿ

ಮಗುವಿಗೆ ಮೂರೂವರೆ ವರ್ಷ. ಫೈಲಿನ ಮೊದಲ ಹಾಳೆಯೇ ಹೆರಿಗೆಯಾದಾಗಿನ ಓಎಇ (ಸದ್ದಿಗೆ ಒಳಗಿವಿ ಕೊಡುವ ಪ್ರತಿಕ್ರಿಯೆ ಅಳೆಯುವ ಪರೀಕ್ಷೆ) ಚೀಟಿ: ಎರಡೂ ಕಿವಿ ‘ಪಾಸ್’. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಈ ಚೀಟಿ ನಂಬಿ ತಡವಾಗಿ ಬರುವವರು ಒಬ್ಬಿಬ್ಬರಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

“ಕರೆದ್ರೆ ತಿರುಗ್ತಾನೆ ಮೇಡಂ. ಮಾತಷ್ಟೇ ಸ್ಪಷ್ಟ ಇಲ್ಲ,” ಅಂದರು ಅಮ್ಮ. “ಇವನಪ್ಪನೂ ನಾಲ್ಕು ವರ್ಷಕ್ಕೇ ಸರಿಯಾಗಿ ಮಾತಾಡಿದ್ದು,” ಅಂದರು ಅಜ್ಜಿ.

ಅಮ್ಮನನ್ನು ಮಗುವಿನ ಬೆನ್ನ ಹಿಂದೆ ಒಂದು ಮೀಟರ್ ದೂರದಲ್ಲಿ ನಿಲ್ಲಿಸಿದೆ. ಸದ್ದು ಕೇಳಿದಾಗೆಲ್ಲ ಮಗು ಕಡ್ಡಿಗೆ ಒಂದು ರಿಂಗು ಹಾಕಬೇಕು. ಅಮ್ಮ ಮಾಮೂಲಿ ದನಿಯಲ್ಲಿ ಒಂದೊಂದೇ ಸದ್ದು ಹೇಳಬೇಕು, ನಡುವಿನ ಬಿಡುವು ಒಂದೇ ಸಮ ಇರಬಾರದು. ಇದ್ದರೆ ಮಗು ಲೆಕ್ಕ ಹಿಡಿದು ಊಹೆಯ ಮೇಲೆ ಹಾಕಿಬಿಡುತ್ತದೆ. ‘ಆ’ ಅಂದರು, ರಿಂಗು ಬಿತ್ತು. ‘ಊ’, ‘ಮ್’ ಎರಡಕ್ಕೂ ಬಿತ್ತು. ‘ಈ’ಗೆ ಅನುಮಾನಿಸುತ್ತಾ ಹಾಕಿದ. ‘ಶ್’ ಅಂದಾಗ ರಿಂಗು ಹಿಡಿದ ಕೈ ಅಲ್ಲೇ ಉಳಿಯಿತು. ‘ಸ್’ ಅಂದರು, ಇನ್ನೊಮ್ಮೆ ಅಂದರು. ಇಲ್ಲ.

“ಸಕ್ಕರೆಗೆ ‘ಅಕ್ಕರೆ’ ಅಂತಾನಲ್ಲ, ಅದಕ್ಕೇನಾ?” ಅಮ್ಮನೇ ಕೇಳಿದರು.

ಈ ವಯಸ್ಸಿಗೆ ‘ಸ’ ತೊದಲುವುದು ಸಹಜ. ಅದು ಕೇಳಿಸದೇ ಇರುವುದು ಸಹಜವಲ್ಲ. ಹೆಡ್‌ಫೋನ್ ಹಾಕಿ ಅದೇ ರಿಂಗಿನ ಆಟದಲ್ಲಿ ಅಳೆದಾಗ 500 ಹರ್ಟ್ಸ್‌ಗೆ 20 ಡೆಸಿಬೆಲ್, 2000ಕ್ಕೆ 45, 4000ಕ್ಕೆ 60 ಬಂತು, ಎರಡೂ ಕಿವಿಗೆ. ಅಂದರೆ ಸದ್ದು ಅಷ್ಟು ಡೆಸಿಬೆಲ್ ಜೋರಿದ್ದರೆ ಮಾತ್ರ ಕೇಳಿಸುತ್ತದೆ; ಹರ್ಟ್ಸ್ ಹೆಚ್ಚಿದಷ್ಟೂ ಸದ್ದು ‘ಸ್’ನಂತೆ ಕೀಚಲು. ಹೆಸರು ಕರೆಯುವ ದನಿಯ ಬಲ ಬಹುಪಾಲು ಕೆಳಗಿನ ಹರ್ಟ್ಸ್‌ನಲ್ಲೇ ಇರುವುದರಿಂದ ತಿರುಗುತ್ತಿದ್ದ. ಓಎಇ ಮತ್ತೆ ಮಾಡಿದಾಗ ಮೇಲಿನ ಹರ್ಟ್ಸ್‌ಗಳಲ್ಲಿ ಪ್ರತಿಕ್ರಿಯೆಯೇ ಇರಲಿಲ್ಲ.

ಹಾಗಾದರೆ ಚೀಟಿ ಸುಳ್ಳೇ? ಅಲ್ಲ. ಒಳಗಿವಿಯಲ್ಲಿ ಸದ್ದಿಗೆ ಬಲ ಕೊಡುವ ಹೊರಸಾಲಿನ ರೋಮಕೋಶಗಳು ಅವತ್ತು ಕೆಲಸ ಮಾಡುತ್ತಿದ್ದವು ಎಂದಷ್ಟೇ ಅದು ಹೇಳುತ್ತದೆ. ಶ್ರವಣ ನರದ ವಿಷಯ ಹೇಳದು, ಮುಂದಿನದ್ದಂತೂ ಹೇಳಲಾರದು. ವಂಶವಾಹಿ ದೋಷ, ಗರ್ಭದಲ್ಲಿ ತಗಲಿದ ಸಿಎಂವಿ ಎಂಬ ವೈರಸ್ ಸೋಂಕು, ಮೆನಿಂಜೈಟಿಸ್ (ಮಿದುಳು ಪೊರೆಯ ಉರಿಯೂತ), ಇವುಗಳಿಂದ ಕೇಳುವ ಶಕ್ತಿ ಹುಟ್ಟಿದ ಮೇಲೂ ಕುಗ್ಗಬಹುದು.

“ಇನ್ನಾರು ತಿಂಗಳು ನೋಡೋಣ” ಎಂದ ಅಜ್ಜಿಯ ಮಾತಿಗೆ ನಾನು ಒಪ್ಪಲಿಲ್ಲ. ನಿಷ್ಠುರ ಅನ್ನಿಸಿರಬಹುದು, ಆದರೆ ಕಾರಣವಿತ್ತು. ಕಿವಿತಮಟೆಯ ಅಲುಗಾಟ ಅಳೆಯುವ ಟಿಂಪನೋಗ್ರಾಮ್ ‘ಬಿ’ ಬಂದು ಮಧ್ಯಕಿವಿಯಲ್ಲಿ ನೀರು ನಿಂತಿದ್ದರೆ, ತಾನಾಗಿ ಇಳಿಯುವುದೇ ಹೆಚ್ಚಾದ್ದರಿಂದ, ಮೂರು ತಿಂಗಳು ಕಾಯಿರಿ ಎಂದು ನಾನೇ ಹೇಳುತ್ತಿದ್ದೆ. ಇವನದು ‘ಎ’, ಅಂದರೆ ಮಧ್ಯಕಿವಿ ಸರಿಯಿದೆ. ಮಧ್ಯಕಿವಿಯನ್ನು ಬಿಟ್ಟು, ಕಿವಿಯ ಹಿಂದಿನ ಮೂಳೆಯ ಮೂಲಕ ಸದ್ದು ಕಳಿಸಿ ಅಳೆದಾಗಲೂ ಅಂಕಿ ಅಷ್ಟೇ. ತೊಂದರೆ ಒಳಗಿವಿಯದು, ಕಾದರೆ ಹೋಗುವಂಥದ್ದಲ್ಲ. ಮಾತು ಕಲಿಯುವ ವಯಸ್ಸು ಮಾತ್ರ ಕಾಯುವುದಿಲ್ಲ.

ಕೊಟ್ಟ ಸಲಹೆ: ಕಾರಣ ಹುಡುಕಲು ಇಎನ್‌ಟಿ ವೈದ್ಯರ ಭೇಟಿ. ಎರಡೂ ಕಿವಿಗೆ ಶ್ರವಣ ಸಾಧನ, ಎಚ್ಚರ ಇರುವಷ್ಟು ಹೊತ್ತೂ. ಶಾಲೆಗೆ ಮಾತ್ರ ಹಾಕಿದರೆ ಸಾಲದು. ಕುಗ್ಗುತ್ತಾ ಹೋಗುವ ಸಾಧ್ಯತೆ ಇರುವುದರಿಂದ ಮೂರು ತಿಂಗಳಿಗೊಮ್ಮೆ ಮರುಪರೀಕ್ಷೆ. ದಿನಾ ಬೆಳಿಗ್ಗೆ ಸಾಧನ ಹಾಕಿದ ಮೇಲೆ ಮನೆಯಲ್ಲೇ ಅದೇ ಆರು ಸದ್ದಿನ ಪರೀಕ್ಷೆ. ಬಾಯಿಗೆ ಕೈ ಅಡ್ಡ ಹಿಡಿಯಬೇಡಿ, ‘ಸ್’ ಮಂಕಾಗುತ್ತದೆ. ಹಿಂದೆ ನಿಂತರೆ ಸಾಕು. ಕಿವಿ ಬೆಳೆದಂತೆ ಸಾಧನವನ್ನು ಕಿವಿಯಲ್ಲಿ ಕೂರಿಸುವ ಅಚ್ಚು ಸಡಿಲವಾಗಿ ಸಾಧನ ಸಿಳ್ಳೆ ಹಾಕುತ್ತದೆ. ಆಗ ಸೌಂಡ್ ಕಡಿಮೆ ಮಾಡಬೇಡಿ, ಹೊಸ ಅಚ್ಚು ಮಾಡಿಸಿ.