ಸ್ವಂತ ಬದುಕಿನ ಕಥೆ ಬರೆದು ನಾಲ್ಕು ಜನಕ್ಕೆ ತೋರಿಸಲು ಭಯ. ನೀವು ಹೇಗೆ ದಾಟಿದಿರಿ?

ಎಷ್ಟೋ ತಿಂಗಳಿಂದ ಬರೆಯುತ್ತಿದ್ದೀರಿ, ಬರೆದಿದ್ದನ್ನು ಅಳಿಸುತ್ತಿದ್ದೀರಿ, ಮನೆಯವರು ಓದಿದರೆ ಏನು ಗತಿ ಅನ್ನುವ ಭಯ ಬಿಡುತ್ತಿಲ್ಲ ಅಂತ ಬರೆದಿದ್ದೀರಿ. ಮೊದಲೇ ಹೇಳಿಬಿಡುತ್ತೇನೆ, ನನ್ನ ಭಯ ಹೋಗಲಿಲ್ಲ. ಇಟ್ಟುಕೊಂಡೇ ಬರೆದೆ. ಹೆದರಿದ್ದರಲ್ಲಿ ಸ್ವಲ್ಪ ನಿಜವೂ ಆಯಿತು.

ನಮ್ಮಪ್ಪ ದಾವಣಗೆರೆಯಲ್ಲಿ ಟೈಲರ್. ಮಂಡಿಪೇಟೆ ಹತ್ತಿರದ ಗಲ್ಲಿಯಲ್ಲಿ ಒಂದು ಮಷಿನ್, ಬಟ್ಟೆ ಕತ್ತರಿಸುವ ಒಂದು ಮೇಜು, ಕಾಜಾ ಹಾಕೋಕೆ ಒಬ್ಬ ಹುಡುಗ. ಕೈ ಬಹಳ ಒಳ್ಳೆಯದು. ಕುಡಿತ ಇಲ್ಲ, ಬೀಡಿ ಇಲ್ಲ. ಲಾಟರಿ ಇತ್ತು.

ಈಗಿನ ಹುಡುಗರಿಗೆ ಇದು ಗೊತ್ತಿರಲಿಕ್ಕಿಲ್ಲ. 2007ರಲ್ಲಿ, ಕುಮಾರಸ್ವಾಮಿ ಮುಖ್ಯಮಂತ್ರಿ ಆಗಿದ್ದಾಗ, ನಮ್ಮ ರಾಜ್ಯದಲ್ಲಿ ಲಾಟರಿ ನಿಷೇಧ ಆಯಿತು. ಅಲ್ಲಿಯವರೆಗೂ ಬಸ್ ಸ್ಟ್ಯಾಂಡ್ ಸುತ್ತ ಎಲ್ಲಿ ನೋಡಿದರೂ ಅದೇ ಅಂಗಡಿ. ಸಿಕ್ಕಿಂ ಅಂತೆ, ಭೂತಾನ್ ಅಂತೆ. ಆ ಊರುಗಳು ಭೂಪಟದಲ್ಲಿ ಎಲ್ಲಿವೆ ಅಂತ ಗೊತ್ತಿಲ್ಲದವರ ಜೇಬಲ್ಲೂ ಅಲ್ಲಿಯ ಟಿಕೆಟ್. ಒಂದಂಕಿ ಲಾಟರಿಯನ್ನಂತೂ 1998ರ ಕೇಂದ್ರ ಕಾಯ್ದೆಯೇ ಬೇಡ ಅಂದಿತ್ತು. ಕಾಯ್ದೆ ದೆಹಲಿಯಲ್ಲಿತ್ತು, ಟಿಕೆಟ್ ನಮ್ಮ ಗಲ್ಲಿಯಲ್ಲಿತ್ತು.

ಅಪ್ಪ ನಂಬರ್ ಆರಿಸುತ್ತಿದ್ದ ರೀತಿ ಮಾತ್ರ ವಿಚಿತ್ರ. ಗಿರಾಕಿಗಳ ಅಳತೆ ಪುಸ್ತಕ ಇತ್ತಲ್ಲ, ಉದ್ದನೆಯದು, ಕೆಂಪು ರಟ್ಟಿನದು. ಅದರಲ್ಲಿ ಎದೆ 38, ಸೊಂಟ 34 ಅಂತ ಇದ್ದರೆ, ಕೊನೆಯಲ್ಲಿ 3834 ಬರುವ ಟಿಕೆಟ್ ಹುಡುಕಿಕೊಂಡು ಹೋಗುತ್ತಿದ್ದ. ಅಳತೆಯ ಪಕ್ಕದಲ್ಲೇ ಪೆನ್ಸಿಲ್‌ನಲ್ಲಿ ಡ್ರಾ ತಾರೀಖು ಬರೆಯುತ್ತಿದ್ದ. ಬರದಿದ್ದರೆ ಸಣ್ಣದೊಂದು ಅಡ್ಡಗೆರೆ. ಕೆಲವು ಪುಟಗಳಲ್ಲಿ ಮೇಲಿಂದ ಕೆಳಗಿನ ತನಕ ಬರೀ ಅಡ್ಡಗೆರೆ.

2004ರಲ್ಲಿ ಮನೆ ಮಾರಿದೆವು. ಅದೇ ವರ್ಷ ತಂಗಿಯ ಮದುವೆ ಇದ್ದಿದ್ದರಿಂದ, "ಮಗಳ ಮದುವೆಗೆ ಮಾರಿದ್ವಿ" ಅಂತ ಊರಿಗೆಲ್ಲ ಹೇಳಿದೆವು. ಮದುವೆ ಆಗಿದ್ದು ದೇವಸ್ಥಾನದಲ್ಲಿ, ಊಟಕ್ಕೆ ನೂರು ಜನವೂ ಇರಲಿಲ್ಲ. ಆದರೂ ಜನ ನಂಬಿದರು. ಇಂಥ ಸುಳ್ಳು ಎಲ್ಲರ ಮನೆಯಲ್ಲೂ ಬೇಕಾಗಿರುತ್ತಲ್ಲ, ಹಾಗಾಗಿ ಯಾರೂ ಕೆದಕಿ ಕೇಳಲ್ಲ. ನಿಷೇಧ ಬಂದ ಮೇಲೆ ಅಪ್ಪ ಓಸಿಗೆ, ಅಂದರೆ ಕದ್ದುಮುಚ್ಚಿ ನಡೆಯುವ ನಂಬರ್ ಜೂಜಿಗೆ ಹೋದ. ಅದು ಇನ್ನೊಂದು ಕಥೆ. 2015ರಲ್ಲಿ ತೀರಿಕೊಂಡ.

ಇದನ್ನು ಬರೆಯಬೇಕು ಅಂತ ಬಹಳ ವರ್ಷದಿಂದ ಇತ್ತು. ಕೂತರೆ ಎರಡು ಸಾಲು. ಆಮೇಲೆ "ಜನ ಏನಂತಾರೆ." ಒಂದು ರಾತ್ರಿ ತಲೆ ಕೆಟ್ಟು, ಅದೇ ಅಳತೆ ಪುಸ್ತಕದ ಹಿಂದಿನ ಖಾಲಿ ಪುಟದಲ್ಲಿ ಈ ಜನ ಅಂದರೆ ಯಾರ್ಯಾರು ಅಂತ ಹೆಸರು ಬರೆಯುತ್ತಾ ಹೋದೆ. ಅವ್ವ. ತಂಗಿ. ತಂಗಿಯ ಅತ್ತೆ. ಚಿಕ್ಕಪ್ಪ. ಬಡ್ಡಿಗೆ ದುಡ್ಡು ಕೊಟ್ಟವನು. ಆರನೇ ಹೆಸರು ಸಿಗಲಿಲ್ಲ. ಇಡೀ ಕರ್ನಾಟಕಕ್ಕೆ ಹೆದರಿಕೊಂಡಿದ್ದೇನೆ ಅಂದುಕೊಂಡಿದ್ದವನಿಗೆ ಲೆಕ್ಕ ಹಾಕಿದರೆ ಐದೇ ಜನ! ನೀವೂ ಒಮ್ಮೆ ಬರೆದು ನೋಡಿ. ನಿಮ್ಮದು ಎಂಟಾಗಬಹುದು, ಇಪ್ಪತ್ತಂತೂ ಆಗಲ್ಲ. ಹೆಸರು ಸಿಕ್ಕಿತು ಅಂದರೆ ಅವರ ಹತ್ತಿರ ಹೋಗಿ ಮಾತಾಡಬಹುದು. "ಜನ" ಅನ್ನುವವರ ಮನೆ ಎಲ್ಲಿದೆ ಅಂತ ಹುಡುಕೋದು?

ಬಡ್ಡಿಯವನ ವಿಷಯ ಬೇಗ ಮುಗಿಯಿತು. ಅವನ ಊರು, ಕಸುಬು, ವಯಸ್ಸು ಎಲ್ಲ ಬದಲಾಯಿಸಿದೆ. ಕಥೆಗೆ ಬೇಕಾಗಿದ್ದು ಅವನು ನಮ್ಮ ಮನೆ ಬಾಗಿಲಲ್ಲಿ ಚಪ್ಪಲಿ ಬಿಡದೆ ಒಳಗೆ ಬಂದ ರೀತಿ, ಅಷ್ಟೇ. ಬೇರೆಯವರ ತಪ್ಪು ಬರೆಯುವಾಗ ನೀವೂ ಹುಷಾರಾಗಿರಿ. ಮಾನನಷ್ಟ ಮೊದಲು ಐಪಿಸಿ 499ನೇ ಸೆಕ್ಷನ್‌ನಲ್ಲಿತ್ತು, 2024ರ ಜುಲೈಯಿಂದ ಭಾರತೀಯ ನ್ಯಾಯ ಸಂಹಿತೆಯ 356ರಲ್ಲಿದೆ. ಕ್ರಿಮಿನಲ್ ಕೇಸಿನಲ್ಲಿ "ನಾನು ಬರೆದಿದ್ದು ನಿಜ" ಅಂದರಷ್ಟೇ ಸಾಲದು, ಅದರಲ್ಲಿ ಸಾರ್ವಜನಿಕ ಹಿತ ಇದೆ ಅಂತಲೂ ತೋರಿಸಬೇಕಾಗುತ್ತೆ. ಸತ್ತವರ ಬಗ್ಗೆ ಬರೆದರೂ ಇದು ಅನ್ವಯ ಆಗಬಹುದು. ಹೆಸರು ಬದಲಾಯಿಸಿದರೂ ಬಾಕಿ ಗುರುತು ಹಾಗೇ ಬಿಟ್ಟರೆ ಏನೂ ಉಪಯೋಗ ಇಲ್ಲ.

ಬರೆಯುವುದು ಮತ್ತು ತೋರಿಸುವುದು ಎರಡು ಬೇರೆ ಕೆಲಸ ಅನ್ನೋದು ನನಗೆ ತಡವಾಗಿ ಹೊಳೆಯಿತು. ಅಮೆರಿಕದ ಜೇಮ್ಸ್ ಪೆನ್ನೆಬೇಕರ್ ಅನ್ನುವ ಮನಶ್ಶಾಸ್ತ್ರಜ್ಞ 1986ರಲ್ಲಿ ಒಂದು ಪ್ರಯೋಗ ಪ್ರಕಟಿಸಿದ್ದರು. ವಿದ್ಯಾರ್ಥಿಗಳನ್ನು ದಿನಕ್ಕೆ 15 ನಿಮಿಷದಂತೆ ನಾಲ್ಕು ದಿನ ಕೂರಿಸಿ, ಬದುಕಿನ ಕೆಟ್ಟ ನೆನಪು ಬರೆಸಿದರು. ನನಗೆ ಅದರಲ್ಲಿ ಹಿಡಿಸಿದ್ದು ಒಂದು ಮಾತು. ಬರೆದ ಕೂಡಲೇ ಅವರ ಮನಸ್ಸು ಹಗುರ ಆಗಲಿಲ್ಲ, ಇನ್ನಷ್ಟು ಭಾರ ಆಯಿತಂತೆ. ಒಳ್ಳೆಯದಾಗಿದ್ದು ತಿಂಗಳುಗಳು ಕಳೆದ ಮೇಲೆ. ಇದು ಗೊತ್ತಿಲ್ಲದೆ ನಾನು, ಬರೆದ ದಿನವೆಲ್ಲ ಹೊಟ್ಟೆ ಕಿವುಚುತ್ತಿದ್ದರೆ "ಬರೆಯಬಾರದ್ದನ್ನು ಬರೆದೆ" ಅಂತ ಹರಿದು ಹಾಕುತ್ತಿದ್ದೆ. ಆಮೇಲೆ ಹರಿಯೋದು ಬಿಟ್ಟೆ. ಆರು ತಿಂಗಳು ಯಾರಿಗೂ ತೋರಿಸದೆ, ಕೈಯಲ್ಲೇ ಬರೆದೆ. ಮೊಬೈಲ್‌ನಲ್ಲಿ ಬರೆದರೆ ಯಾರಿಗಾದರೂ ಕಳಿಸಬೇಕು ಅಂತ ಬೆರಳು ತುರಿಸುತ್ತೆ.

ಧೈರ್ಯಕ್ಕೆ ಅಂತ ಬೇರೆಯವರ ಆತ್ಮಕಥೆಗಳನ್ನೂ ಓದಿದೆ. ಗಿರೀಶ ಕಾರ್ನಾಡರು 2011ರಲ್ಲಿ ಬಂದ 'ಆಡಾಡತಾ ಆಯುಷ್ಯ'ವನ್ನು ಅರ್ಪಿಸಿದ್ದು ಪುಣೆಯ ಒಬ್ಬ ಡಾಕ್ಟರಮ್ಮನಿಗೆ. ಕಾರ್ನಾಡರು ಹೊಟ್ಟೆಯಲ್ಲಿದ್ದಾಗ, ಈ ಮಗು ಬೇಡ ಅಂತ ತಾಯಿ ಆ ಡಾಕ್ಟರ ಕ್ಲಿನಿಕ್ಕಿಗೆ ಹೋಗಿ ಕಾದಿದ್ದರು. ಡಾಕ್ಟರು ಬರಲಿಲ್ಲ, ವಾಪಸ್ ಬಂದರು. ಊಟಕ್ಕೆ ಕೂತಾಗ ತಾಯಿ ಸಲೀಸಾಗಿ ಹೇಳಿದ ಈ ಮಾತನ್ನು ಮಗ ಪುಸ್ತಕದ ಬಾಗಿಲಲ್ಲೇ ಇಟ್ಟಿದ್ದಾರೆ. ಇದನ್ನೇ ಬರೆಯಬಹುದಾದರೆ ಲಾಟರಿ ಯಾವ ಲೆಕ್ಕ ಅನ್ನಿಸಿತು. ಇನ್ನೊಂದು ಕಡೆ, ಲಂಕೇಶರು 'ಹುಳಿಮಾವಿನ ಮರ' ಬರೆದ ಎಷ್ಟೋ ವರ್ಷದ ಮೇಲೆ ಅವರ ಹೆಂಡತಿ ಇಂದಿರಾ ಲಂಕೇಶ್ 'ಹುಳಿಮಾವು ಮತ್ತು ನಾನು' ಬರೆದರು. ಒಂದೇ ಮನೆ, ಎರಡು ಪುಸ್ತಕ. ಅದನ್ನು ನೋಡಿದ ಮೇಲೆ ನನಗೆ ಬೇರೆ ಥರದ ಭಯ ಶುರುವಾಯಿತು. ನಾನು ಬರೆದಿದ್ದನ್ನು ಅವ್ವ ಬರೆದಿದ್ದರೆ ಹೇಗಿರುತ್ತಿತ್ತು?

ಅದಕ್ಕೇ ಓದಿ ಹೇಳಿದೆ. ಅವ್ವನಿಗೆ ಕಣ್ಣು ಮಂಜು. ಮಧ್ಯಾಹ್ನ ಅಕ್ಕಿ ಆರಿಸುತ್ತಾ ಕೂತಿದ್ದಳು, ನಾನು ಓದುತ್ತಾ ಹೋದೆ. ಮೊರದಲ್ಲಿ ಕೈ ಆಡುತ್ತಲೇ ಇತ್ತು. ಮನೆ ಮಾರಿದ ದಿನ ಅವ್ವ ಅತ್ತಳು ಅಂತ ಬರೆದಿದ್ದೆ. ಅಲ್ಲಿ ಕೈ ನಿಂತಿತು. "ನಾ ಎಲ್ಲಿ ಅತ್ತೆ? ಅವತ್ತು ನಾನು ಅಳಲಿಲ್ಲ ಬಿಡು," ಅಂದಳು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ಒಂದು ವಿಷಯ ಹೇಳಿದಳು. ನನಗೆ ಗೊತ್ತೇ ಇರಲಿಲ್ಲ. ಹೇಳಿ ಮುಗಿಸಿ, "ಅದೊಂದು ಬರೀಬ್ಯಾಡ," ಅಂದಳು. ಬರೆದಿಲ್ಲ. ಇಲ್ಲೂ ಬರೆಯಲ್ಲ. ಆದರೆ ಅದನ್ನು ಕೇಳಿದ ಮೇಲೆ ಅಪ್ಪನ ಬಗ್ಗೆ ಬರೆದಿದ್ದ ಅರ್ಧ ಪುಟ ಹೊಡೆದು ಹಾಕಿ ಮತ್ತೆ ಬರೆಯಬೇಕಾಯಿತು. ಅಲ್ಲಿಯವರೆಗೆ ಅವನನ್ನು ಬರೀ ಕಳ್ಳನ ಹಾಗೆ ಬರೆದಿದ್ದೆ.

ತಂಗಿಗೆ ನಾನು ಜಾಸ್ತಿ ಹೆದರಿದ್ದೆ. ಅವಳ ಗಂಡನ ಮನೆಯವರಿಗೆ ಮನೆ ಯಾಕೆ ಹೋಯಿತು ಅಂತ ಗೊತ್ತಿಲ್ಲ. ಹಸ್ತಪ್ರತಿ ಕಳಿಸಿದೆ. ನಾಲ್ಕು ದಿನ ಫೋನಿಲ್ಲ. ಐದನೇ ದಿನ ಮಾಡಿದಳು. "ಅಣ್ಣಾ, ನನ್ನ ಮದುವಿಗೆ ಮನಿ ಮಾರಿದ್ರು ಅಂತ ಎಲ್ಲರ ಬಾಯಾಗೂ ಅನ್ನಿಸಿಕೊಂಡು ಬಂದೀನಿ. ನಮ್ಮತ್ತಿನೂ ಅಂದಾರ. ನೀನೂ ಒಂದು ದಿನ ಅಲ್ಲ ಅನ್ನಲಿಲ್ಲ. ಬರಿ." ಅಷ್ಟೇ ಹೇಳಿ ಇಟ್ಟಳು. ಯಾರ ಮರ್ಯಾದೆ ಉಳಿಸಲು ನಾನು ಇಷ್ಟು ವರ್ಷ ಸುಮ್ಮನಿದ್ದೆ ಅಂತ ಆವತ್ತು ರಾತ್ರಿ ನಿದ್ದೆ ಬರಲಿಲ್ಲ. ಹೆಸರು ಹಾಕಬೇಡ ಅಂತ ಅವಳು ಕೇಳಲೂ ಇಲ್ಲ, ನಾನೇ ಹಾಕಲಿಲ್ಲ. ಅವಳ ಅತ್ತೆ ಓದಿದರೋ ಇಲ್ಲವೋ ಇವತ್ತಿಗೂ ತಿಳಿಯದು. ಹಬ್ಬಕ್ಕೆ ಹೋದರೆ ಮೊದಲಿನ ಹಾಗೇ ಹೋಳಿಗೆ ಬಡಿಸುತ್ತಾರೆ.

ಚಿಕ್ಕಪ್ಪನದು ಹಾಗಾಗಲಿಲ್ಲ. ಅವರಿಗೆ ಮೊದಲೇ ತೋರಿಸಲಿಲ್ಲ, ಅದು ನನ್ನ ತಪ್ಪು. ತೋರಿಸಿದರೆ ತಡೆಯುತ್ತಾರೆ ಅಂತ ಗೊತ್ತಿತ್ತು. 2022ರಲ್ಲಿ ಒಂದು ವಾರಪತ್ರಿಕೆಯಲ್ಲಿ ಎರಡು ಪುಟ ಬಂತು. ಮೂರನೇ ದಿನಕ್ಕೆ ಚಿಕ್ಕಪ್ಪ ಫೋನ್ ಮಾಡಿ, "ಸತ್ತವನನ್ನ ಬೀದಿಗೆ ತಂದಿ," ಅಂದರು. ಅವತ್ತಿನಿಂದ ಮಾತಿಲ್ಲ. ಅವರ ಮಗನ ಮದುವೆಗೆ ಕರೆಯಲಿಲ್ಲ. ಕರೆಯದಿದ್ದರೂ ಹೋಗಬೇಕಿತ್ತೇನೋ, ಹೋಗಲಿಲ್ಲ. ಬರೆದ ಮೇಲೆ ಎಲ್ಲರೂ ತಬ್ಬಿಕೊಂಡು ಅಳುತ್ತಾರೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಒಬ್ಬರಾದರೂ ದೂರ ಆಗುತ್ತಾರೆ. ಯಾರು ಅಂತ ಮೊದಲೇ ಅಂದಾಜು ಮಾಡಿ, ಅದನ್ನು ತಡೆದುಕೊಳ್ಳೋಕೆ ಆಗುತ್ತಾ ಅಂತ ನೋಡಿಕೊಂಡು ತೋರಿಸಿ. ಆಗಲ್ಲ ಅನ್ನಿಸಿದರೆ ಬರೆದು ಇಟ್ಟುಕೊಳ್ಳಿ. ಕಾಗದಕ್ಕೇನು ಅವಸರ ಇರಲ್ಲ.

ಇನ್ನು ಗುರುತಿಲ್ಲದವರ ವಿಷಯ. ಅವರಿಗಂತೂ ಸುಮ್ನೆ ಹೆದರಿದ್ದೆ. ಬಂದಿದ್ದೇ ಮೂರು ಫೋನು. ಅದರಲ್ಲಿ ಒಂದು, ಈಗ ಹರಿಹರದಲ್ಲಿರುವ ರಿಟೈರ್ಡ್ ಮೇಷ್ಟ್ರದ್ದು. ನನ್ನ ನಂಬರ್ ಪತ್ರಿಕೆಯಿಂದ ತಗೊಂಡಿದ್ದರಂತೆ. ಅಪ್ಪನ ಹತ್ತಿರ ಹತ್ತು ವರ್ಷ ಪ್ಯಾಂಟ್ ಹೊಲಿಸಿದವರು. ಅಯ್ಯೋ ಪಾಪ ಅಂತಾರೇನೋ ಅಂದುಕೊಂಡೆ. ಅವರು ಕೇಳಿದ್ದು ಇಷ್ಟು: "ಅಲ್ಲಪ್ಪಾ, ಆ ಪುಸ್ತಕದಾಗೆ ನಂದೂ ಇರಬೇಕು. ನನ್ನ ನಂಬರಿಗೆ ಏನಾದ್ರೂ ಹೊಡೀತಾ?"

ಲೈನ್‌ನಲ್ಲೇ ಇರಿ ಅಂತ ಹೇಳಿ ಪುಸ್ತಕ ತೆಗೆದು ಹುಡುಕಿದೆ. ಇತ್ತು. ಎದೆ 40, ಸೊಂಟ 36. ಪಕ್ಕದಲ್ಲಿ ಪೆನ್ಸಿಲ್‌ನ ಅಡ್ಡಗೆರೆ, ಒಂದಲ್ಲ, ಹನ್ನೊಂದು. ಓದಿ ಹೇಳಿದೆ. ಮೇಷ್ಟ್ರು ಬಹಳ ಹೊತ್ತು ನಕ್ಕರು.